‘ಅಪ್ಪ’ ಎನಿಸಿಕೊಂಡ ಅಧಿಕಾರಿ: ಸುರಪುರದಲ್ಲಿ ಮೆಡೋಸ್ ಟೇಲರ್

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎದ್ದು ನಿಂತದ್ದು 1844ರಲ್ಲಿ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್‌ನ ಹೆಂಡತಿ ಮೇರಿ ತೀರಿಕೊಂಡದ್ದೂ ಅದೇ ವರ್ಷ. ಮನೆ ನಿಂತಿತು, ಮನೆಯೊಡತಿ ಇಲ್ಲವಾದಳು. ಆ ಮೇಲೆ ಒಂಬತ್ತು ವರ್ಷ ಟೇಲರ್ ಸುರಪುರದಲ್ಲೇ ಉಳಿದ. ಊರಿನ ಅರಮನೆಯಲ್ಲಿ ತಂದೆಯನ್ನು ಕಳೆದುಕೊಂಡ ಒಬ್ಬ ಹುಡುಗನಿದ್ದ, ಬೇಡ ನಾಯಕರ ಗಾದಿಗೆ ವಾರಸುದಾರ. ಆ ಹುಡುಗ ಟೇಲರ್‌ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಮುಂದೆ 1858ರಲ್ಲಿ ಅದೇ ಹುಡುಗ ಸಿಕಂದರಾಬಾದಿನ ಸೆರೆಮನೆಯಲ್ಲಿ ಕೂತಾಗ ಅವನನ್ನು ನೋಡಲು ಹೋದವನೂ ಈ ಟೇಲರೇ.

ಯಾದಗಿರಿ ಜಿಲ್ಲೆಯಲ್ಲಿ ಟೇಲರ್‌ನ ಹೆಸರು ಗೊತ್ತಿರುವವರು ಬಹಳ ಮಂದಿ. ಕೆರೆ ಕಟ್ಟಿದ ಸಾಹೇಬ, ಕಲ್ಲು ಅಗೆದ ಸಾಹೇಬ, ಕಾದಂಬರಿ ಬರೆದ ಸಾಹೇಬ ಎಂದು ಒಬ್ಬೊಬ್ಬರು ಒಂದೊಂದು ರೀತಿ ನೆನೆಯುತ್ತಾರೆ. ಸಂಸ್ಥಾನ ಮುಳುಗಿಸಿದ ಬಿಳಿಯರಲ್ಲಿ ಇವನೂ ಒಬ್ಬ ಎನ್ನುವವರೂ ಇದ್ದಾರೆ. ಇವು ಯಾವುವೂ ಸುಳ್ಳಲ್ಲ. ಆದರೆ ಅವನ ನೌಕರಿ ಮತ್ತು ಸಂಸಾರ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಮಾತ್ರ ಸುರಪುರದಲ್ಲಿ ನಡೆದದ್ದರ ಭಾರ ನಮಗೆ ತಿಳಿಯುತ್ತದೆ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರಿನಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ತಂದೆ ವ್ಯಾಪಾರಿ. ವ್ಯಾಪಾರ ಕೈಕೊಟ್ಟಿತು. ಮೀಸೆ ಮೂಡದ ವಯಸ್ಸಿನಲ್ಲೇ ಹುಡುಗನನ್ನು ಮುಂಬಯಿಯ ಒಬ್ಬ ವರ್ತಕನ ಅಂಗಡಿಗೆ ಗುಮಾಸ್ತನಾಗಿ ಕಳಿಸಿದರು. 1824ರಲ್ಲಿ ಹಡಗಿಳಿದು ನೋಡಿದರೆ ಆ ಅಂಗಡಿಯೂ ದಿವಾಳಿಯ ಅಂಚಿನಲ್ಲಿತ್ತು. ಮುಂಬಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನ್ಯೂನಮ್ ಎಂಬ ಬಂಧು ಕೈಹಿಡಿದ. ಹದಿನಾರು ವರ್ಷದ ಹುಡುಗನಿಗೆ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಅಧಿಕಾರಿಯ ಕೆಲಸ ಸಿಕ್ಕಿತು, ಔರಂಗಾಬಾದಿಗೆ ಹೋದ.

ಅವನ ಇಡೀ ನೌಕರಿಯನ್ನು ರೂಪಿಸಿದ್ದು ಈ ನೇಮಕ. ಟೇಲರ್ ಸೇರಿದ್ದು ಈಸ್ಟ್ ಇಂಡಿಯಾ ಕಂಪನಿಯ ಖಾಯಂ ಪಟ್ಟಿಗೆ ಅಲ್ಲ. ಸಂಬಳ ನಿಜಾಮನದು, ಅಧಿಕಾರಿಗಳು ಇಂಗ್ಲಿಷರು, ಹುಕುಂ ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟನದು. ಹೀಗಿದ್ದವರನ್ನು ಕಂಪನಿಯ ನೌಕರರು ಒಂದು ಮೆಟ್ಟಿಲು ಕೆಳಗಿಟ್ಟೇ ನೋಡುತ್ತಿದ್ದರು. ಕಂಪನಿಯವರಿಗಿದ್ದ ಕಾಲೇಜು ಶಿಕ್ಷಣವಾಗಲಿ, ಬಡ್ತಿಯ ಭರವಸೆಯಾಗಲಿ ಇವನಿಗಿರಲಿಲ್ಲ. ಹಿಂದುಸ್ತಾನಿ, ಮರಾಠಿ, ಭೂಮಾಪನ, ಕಾನೂನು, ಕಟ್ಟಡ ಕೆಲಸ, ಎಲ್ಲವನ್ನೂ ತಾನೇ ಕಲಿತ. ದಂಡಿನ ಕೆಲಸದಿಂದ ಪೊಲೀಸ್ ಕೆಲಸಕ್ಕೆ ಹೋದಾಗ ತುಳಜಾಪುರದ ಸುತ್ತಿನ ಸೀಮೆಯಲ್ಲಿ ದಾರಿಗಳ್ಳರ ಬೆನ್ನು ಹತ್ತಿದ. ಠಕ್ಕರ ಜಾಲ ಬಯಲಾಗುವ ಹೊತ್ತಿಗೆ ಅವನನ್ನು ಮತ್ತೆ ದಂಡಿಗೆ ಕರೆಸಿಕೊಂಡರು, ಹೆಸರೆಲ್ಲ ಕರ್ನಲ್ ಸ್ಲೀಮನ್‌ಗೆ ಹೋಯಿತು. ಆ ಕೊರಗನ್ನು ಅವನು ಕಾದಂಬರಿಯಾಗಿ ಬರೆದು ತೀರಿಸಿಕೊಂಡ. 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಕನ್ಫೆಷನ್ಸ್ ಆಫ್ ಎ ಥಗ್’ ಅವನನ್ನು ಒಂದೇ ಸಲಕ್ಕೆ ಪ್ರಸಿದ್ಧನನ್ನಾಗಿಸಿತು. ಪುಸ್ತಕ ಹೊರಬೀಳುವ ಮೊದಲೇ ವಿಕ್ಟೋರಿಯಾ ರಾಣಿ ಅಚ್ಚಿನ ಹಾಳೆಗಳನ್ನು ತರಿಸಿಕೊಂಡು ಓದಿದಳೆಂದು ಅವನೇ ಹೇಳಿಕೊಂಡಿದ್ದಾನೆ. ಮರುವರ್ಷವೇ ಟಿಪ್ಪು ಸುಲ್ತಾನನ ಮೇಲೆ ಇನ್ನೊಂದು ಕಾದಂಬರಿ ಬಂತು. ‘ದಿ ಟೈಮ್ಸ್’ ಪತ್ರಿಕೆಗೆ ಭಾರತದಿಂದ ಬರೆಯುವ ಕೆಲಸವೂ ಸಿಕ್ಕಿತು. ಅದನ್ನು 1853ರ ತನಕ ನಡೆಸಿದ.

ಹೈದರಾಬಾದಿನ ಅಳಿಯ

ಮೇರಿಯ ಮನೆತನದ ಕಥೆ ದೊಡ್ಡದು. ಅವಳ ತಂದೆ ವಿಲಿಯಂ ಪಾಮರ್ ಹೈದರಾಬಾದಿನ ಸಾಹುಕಾರ. ಅವನ ಕೋಠಿ ನಿಜಾಮ ಸರ್ಕಾರಕ್ಕೇ ಸಾಲ ಕೊಡುತ್ತಿತ್ತು. ಬಡ್ಡಿ ದುಬಾರಿ. ರೆಸಿಡೆಂಟ್ ಚಾರ್ಲ್ಸ್ ಮೆಟ್‌ಕಾಫ್ ಆ ಕೋಠಿಯ ಮೇಲೆ ಸಮರ ಸಾರಿದ. 1820ರ ದಶಕದಲ್ಲಿ ಅದು ಮುಳುಗಿತು. ಪಾಮರ್‌ನ ತಂದೆ ಜನರಲ್ ವಿಲಿಯಂ ಪಾಮರ್, ಲಖನೌ ಮತ್ತು ಪುಣೆ ದರಬಾರುಗಳಲ್ಲಿ ಕಂಪನಿಯ ಪರವಾಗಿ ಇದ್ದವನು. ತಾಯಿ ಬೀಬಿ ಫೈಜ್ ಬಖ್ಷ್, ಮುಸ್ಲಿಂ ಘರಾನಾದ ಹೆಣ್ಣುಮಗಳು. ಆ ಕುಟುಂಬದ ಒಂದು ವರ್ಣಚಿತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, 1786ರ ಕಾಲದ್ದು. ನೆಲದ ಮೇಲೆ ಕೂತ ಬೇಗಂ, ಅವರ ಸುತ್ತ ಮಕ್ಕಳು. ಆ ಮಕ್ಕಳಲ್ಲಿ ಒಬ್ಬ ಟೇಲರ್‌ನ ಮಾವ.

ಹೀಗೆ ಟೇಲರ್ 1830ರ ದಶಕದ ಆರಂಭದಲ್ಲಿ ಮದುವೆಯಾದದ್ದು ಭಾರತದ ರಕ್ತವೂ ಹರಿಯುತ್ತಿದ್ದ ಮನೆಯ ಮಗಳನ್ನು. ಅದೂ ಆ ಮನೆ ದಿವಾಳಿಯೆದ್ದು ಸರ್ಕಾರದ ಕಣ್ಣಿಗೆ ಬೇಡವಾಗಿದ್ದ ಕಾಲದಲ್ಲಿ. ಅಜ್ಜನ ಕಾಲದ ಇಂಗ್ಲಿಷರು ಬೇಗಮರ ಜೊತೆ ಸಂಸಾರ ಮಾಡಿ ಅದನ್ನು ಚಿತ್ರ ಬರೆಸಿ ಗೋಡೆಗೆ ತೂಗಿಹಾಕುತ್ತಿದ್ದರು. ಮೊಮ್ಮಗಳ ಕಾಲಕ್ಕೆ ಅಂಥ ಸಂಬಂಧವನ್ನು ಬಾಯಿಬಿಟ್ಟು ಹೇಳದ ರೂಢಿ ಬಂದಿತ್ತು. ಟೇಲರ್ ಬರೆದ ದೊಡ್ಡ ಆತ್ಮಕಥೆಯಲ್ಲಿ ಮೇರಿಯ ಮಾತು ಬರುವುದು ಬಹಳ ಕಡಿಮೆ. ಮಾವನ ಮೇಲಿನ ಗೌರವ ಎದ್ದು ಕಾಣುತ್ತದೆ, ಹೆಂಡತಿ ಮಾತ್ರ ಪುಟಗಳ ನಡುವೆ ನೆರಳಿನಂತೆ ಸುಳಿದು ಹೋಗುತ್ತಾಳೆ. ಅವಳನ್ನು ಕಳೆದುಕೊಂಡ ದುಃಖ ಅವನಿಗೆ ಆಳವಾಗಿತ್ತು ಎಂದೇ ನಾನು ನಂಬುತ್ತೇನೆ. ಆದರೆ ಅವಳು ಯಾರ ಮೊಮ್ಮಗಳು ಎಂದು ಓದುಗರ ಮುಂದೆ ಬಿಚ್ಚಿ ಹೇಳುವ ಧೈರ್ಯ ಆ ಕಾಲದ ಅಧಿಕಾರಿಗೆ ಇರಲಿಲ್ಲ.

ಬೇಡರ ಸೀಮೆಗೆ

1841ರಲ್ಲಿ ಟೇಲರ್‌ನನ್ನು ಸುರಪುರಕ್ಕೆ ಕಳಿಸಿದಾಗ ಅದು ಸುಲಭದ ಜಾಗವಾಗಿರಲಿಲ್ಲ. ಸುರಪುರದ ಬೇಡ ನಾಯಕರು ಯಾರಿಗೂ ತಲೆಬಾಗಿದವರಲ್ಲ. ಔರಂಗಜೇಬ್ ತನ್ನ ಇಳಿವಯಸ್ಸಿನಲ್ಲಿ, 1705ರಲ್ಲಿ, ಖುದ್ದಾಗಿ ಬಂದು ಮುತ್ತಿಗೆ ಹಾಕಿದ ಕೊನೆಯ ದೊಡ್ಡ ಕೋಟೆ ಇವರ ವಾಗಣಗೇರಿ. ತಿಂಗಳುಗಟ್ಟಲೆ ಬಡಿದಾಡಿ ಕೋಟೆಯೊಳಕ್ಕೆ ಹೋದಾಗ ಅವನಿಗೆ ಸಿಕ್ಕದ್ದು ಬರಿದಾದ ಗೋಡೆಗಳು, ನಾಯಕ ತನ್ನ ಜನರೊಂದಿಗೆ ಪಾರಾಗಿದ್ದ. ಆ ಮೇಲೆ ಬೆಳೆದ ರಾಜಧಾನಿ ಸುರಪುರ. ವೇಣುಗೋಪಾಲಸ್ವಾಮಿ ಗುಡಿ, ಅಲ್ಲಿನ ಹಾಲೋಕುಳಿ, ಗರುಡಾದ್ರಿ ಕಲಾವಿದರ ಚಿನ್ನದ ಬಣ್ಣದ ಚಿತ್ರಗಳು, ಇವೆಲ್ಲ ಈ ಅರಮನೆಯ ಆಶ್ರಯದಲ್ಲಿ ಬೆಳೆದವು.

ಕತ್ತಿಗೆ ಬಗ್ಗದ ಸಂಸ್ಥಾನವನ್ನು ಸಾಲ ಬಗ್ಗಿಸಿತು. ನಿಜಾಮನಿಗೆ ವರ್ಷ ವರ್ಷದ ಕಪ್ಪ, ಹೊಸ ರಾಜ ಗಾದಿ ಏರಿದಾಗಲೆಲ್ಲ ದೊಡ್ಡ ನಜರಾಣೆ. ಕೊಡಲಾಗದೆ ಬಾಕಿ ಬೆಳೆಯಿತು. ರಾಜಾ ಕೃಷ್ಣಪ್ಪ ನಾಯಕರು ಕಾಲವಾದಾಗ ಮಗ ವೆಂಕಟಪ್ಪ ನಾಯಕ ಏಳೆಂಟು ವರ್ಷದ ಹುಡುಗ. ತಾಯಿ ಈಶ್ವರಮ್ಮ ಒಂದು ಕಡೆ, ಕೃಷ್ಣಪ್ಪ ನಾಯಕರ ತಮ್ಮ ಪಿಡ್ಡ ನಾಯಕರು ಇನ್ನೊಂದು ಕಡೆ. ಅಧಿಕಾರ ಯಾರ ಕೈಯಲ್ಲಿ ಇರಬೇಕೆಂಬ ಜಗಳ ಬೀದಿಗೆ ಬಂದಿತ್ತು. ಆಯುಧ ಹಿಡಿದ ಬೇಡರು ಗುಂಪು ಗುಂಪಾಗಿ ಎರಡೂ ಕಡೆ ನಿಂತಿದ್ದರು. ಹೈದರಾಬಾದಿನ ಪೇಷ್ಕಾರ ಚಂದೂಲಾಲ ಬಾಕಿಗಾಗಿ ಒತ್ತಾಯಿಸುತ್ತಿದ್ದ.

ಟೇಲರ್ ದಂಡು ಕಟ್ಟಿಕೊಂಡು ಬಂದು ಊರು ಹಿಡಿಯಲಿಲ್ಲ. ಬೇಡರ ಮುಖಂಡರ ನಡುವೆ ಹೋಗಿ ಕೂತ, ಮಾತಾಡಿದ, ಪಿಡ್ಡ ನಾಯಕರನ್ನು ರೀಜೆಂಟರಾಗಿ ಉಳಿಸಿದ. ರಾಣಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ರಾಣಿ ಮತ್ತು ಟೇಲರ್ ನಡುವಿನ ಹಗ್ಗಜಗ್ಗಾಟ ವರ್ಷಗಟ್ಟಲೆ ನಡೆಯಿತು. ಆತ್ಮಕಥೆಯಲ್ಲಿ ಈಶ್ವರಮ್ಮನವರನ್ನು ಟೇಲರ್ ಚಿತ್ರಿಸಿದ ಬಗೆ ನನಗೆ ಹಿಡಿಸುವುದಿಲ್ಲ. ಹಟಮಾರಿ, ಒಳಸಂಚಿನ ಹೆಂಗಸು ಎಂಬಂತೆ ಬರೆದಿದ್ದಾನೆ. ಗಂಡ ಸತ್ತ ಮೇಲೆ ಮಗನ ಗಾದಿ ಪರದೇಶಿಯ ಕೈಗೆ ಹೋಗುವುದನ್ನು ಕಂಡ ತಾಯಿ ಬೇರೆ ಹೇಗೆ ನಡೆದುಕೊಳ್ಳಬೇಕಿತ್ತು? ಅವರ ಮಾತನ್ನು ಬರೆದಿಟ್ಟವರು ಯಾರೂ ಇಲ್ಲ. ಟೇಲರ್ ಬರೆದದ್ದು ಮಾತ್ರ ಉಳಿದಿದೆ. ಸುರಪುರದ ಇತಿಹಾಸ ಓದುವಾಗ ಈ ಅಸಮತೆಯನ್ನು ಮರೆಯಬಾರದು.

ಇನ್ನು ಅವನ ಕೆಲಸ. ಸಾಲದ ಲೆಕ್ಕ ಹಿಡಿದು ತೀರಿಸುವ ದಾರಿ ಹುಡುಕಿದ. ಹೊಲಗಳ ಅಳತೆ ಮಾಡಿಸಿದ, ದಾರಿ ಮಾಡಿಸಿದ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೋನಾಳದ ಕೆರೆ. ಅದನ್ನು ಮೊದಲು ಕಟ್ಟಿಸಿದವರು ಸುರಪುರದ ನಾಯಕರೇ, 17ನೇ ಶತಮಾನದಲ್ಲಿ. ಟೇಲರ್ ಅದರ ಏರಿಯನ್ನು ಮತ್ತೆ ಕಟ್ಟಿಸಿ ಹಿಗ್ಗಿಸಿದ. ದಂಡೆಯ ಮೇಲೆ ತನಗೊಂದು ಸಣ್ಣ ಮನೆ ಮಾಡಿಕೊಂಡು, ಬಿಸಿಲು ಏರಿದ ದಿನಗಳಲ್ಲಿ ಅಲ್ಲಿಗೆ ಬಂದು ಇರುತ್ತಿದ್ದ. ಮಳೆ ನಂಬಿ ಜೋಳ ಬಿತ್ತುವ ಈ ಸೀಮೆಯಲ್ಲಿ ಕೆರೆಯೆಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಇಂದು ಬೋನಾಳ ಪಕ್ಷಿಧಾಮ. ಚಳಿಗಾಲ ಬಂದರೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿ ಬಂದಿಳಿಯುತ್ತವೆ. ನಾಯಕರು ಕಟ್ಟಿದ್ದನ್ನು ಟೇಲರ್ ಉಳಿಸಿ ಬೆಳೆಸಿದ. ಹೊಗಳುವಾಗ ಇಬ್ಬರ ಹೆಸರನ್ನೂ ಹೇಳುವುದು ನ್ಯಾಯ.

ಕಲ್ಲುಗಳ ನಡುವೆ

ಹೆಂಡತಿ ಹೋದ ಮೇಲೆ, ಒಬ್ಬನೇ ಇರುತ್ತಿದ್ದ ವರ್ಷಗಳಲ್ಲಿ ಟೇಲರ್ ಕುದುರೆಯ ಮೇಲೆ ಊರೂರು ತಿರುಗುತ್ತ ಈ ಸೀಮೆಯ ಹಳೆಯ ಕಲ್ಲುಗಳ ಬೆನ್ನು ಹತ್ತಿದ. ಈಗಿನ ಹುಣಸಗಿ ತಾಲ್ಲೂಕಿನ ರಾಜನಕೋಳೂರಿನಲ್ಲಿ ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳಿವೆ. ಮೋರೇರ ಮನೆಗಳೆಂದು ನಮ್ಮ ಜನ ಕರೆಯುವಂಥವು. ಯಾರು ಕಟ್ಟಿದರು, ಯಾಕೆ ಕಟ್ಟಿದರು ಎಂದು ಕೇಳುತ್ತ ಹೋದವನು ಹಗರಟಗಿಯಲ್ಲಿ, ಜೇವರ್ಗಿಯಲ್ಲಿ ಕಲ್ಲುಗುಪ್ಪೆಗಳನ್ನು ಅಗೆಸಿದ. ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಬಯಲಲ್ಲಿ ಹೆಬ್ಬಂಡೆಗಳನ್ನು ಸಮಾನ ಅಂತರದಲ್ಲಿ ಸಾಲು ಸಾಲಾಗಿ ಜೋಡಿಸಿದ್ದನ್ನು ಕಂಡು ನಕ್ಷೆ ಬರೆದ. ಬುದ್ಧ ಮಲಗಿದಂತೆ ಕಾಣುವ ಶಹಾಪುರದ ಗುಡ್ಡ ನೋಡಲು ಹೋಗುವವರು ವಿಭೂತಿಹಳ್ಳಿಯ ಸಾಲುಗಳನ್ನೂ ನೋಡಬೇಕು. ಮನುಷ್ಯ ಕೈಯಿಂದ ಇಷ್ಟು ದೊಡ್ಡ ಬಂಡೆಗಳನ್ನು ಇಷ್ಟು ಲೆಕ್ಕಬದ್ಧವಾಗಿ ಇಟ್ಟದ್ದು ಕರ್ನಾಟಕದಲ್ಲೇ ಅಪರೂಪ.

ಆ ಕಾಲದಲ್ಲಿ ಗೋರಿ ಅಗೆಯುವ ಬಹಳ ಸಾಹೇಬರು ಒಳಗೆ ನಾಣ್ಯವೋ ಆಭರಣವೋ ಸಿಕ್ಕೀತೆಂದು ಅಗೆಯುತ್ತಿದ್ದರು. ಟೇಲರ್ ಹಾಗೆ ಮಾಡಲಿಲ್ಲ. ಗುಂಡಿಯನ್ನು ನೆಟ್ಟಗೆ ಇಳಿಸಿ, ಮೇಲಿಂದ ಕೆಳಗೆ ಮಣ್ಣಿನ ಪದರ ಹೇಗಿದೆ, ಯಾವ ಪದರದಲ್ಲಿ ಮೂಳೆ, ಯಾವುದರಲ್ಲಿ ಮಡಕೆ, ಕಬ್ಬಿಣದ ಭರ್ಜಿ ಎಲ್ಲಿ ಎಂದು ಕೊಯ್ದು ನೋಡಿದಂತೆ ಚಿತ್ರ ಬರೆದಿಟ್ಟ. ಜೇವರ್ಗಿಯಲ್ಲಿ ದೇಹದಿಂದ ಬೇರೆಯಾಗಿದ್ದ ತಲೆಬುರುಡೆಗಳನ್ನೂ ಕಂಡ. ನೂರು ವರ್ಷದ ಅನಂತರ ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥನಾಗಿ ಬಂದ ಮಾರ್ಟಿಮರ್ ವೀಲರ್ ಈ ಚಿತ್ರಗಳನ್ನು ನೋಡಿ ಮೆಚ್ಚಿದ. ಟೇಲರ್ ಕಂಡದ್ದೆಲ್ಲ ಸರಿ, ಊಹಿಸಿದ್ದು ಮಾತ್ರ ತಪ್ಪಿತು. ಐರ್ಲೆಂಡಿನ ಗೋರಿಗಳಿಗೂ ಸುರಪುರದ ಗೋರಿಗಳಿಗೂ ಹೋಲಿಕೆ ಕಂಡು, ಒಂದೇ ಕುಲದವರು ಎರಡು ಕಡೆಯೂ ಹೋಗಿ ನೆಲೆಸಿರಬೇಕೆಂದು ಬರೆದ. ನಮ್ಮ ನೆಲದವರೇ ಇವನ್ನು ಕಟ್ಟಿರಬಹುದು ಎಂಬ ವಿಚಾರ ಅವನಿಗೆ ಹೊಳೆಯಲಿಲ್ಲ.

ಅವನ ಅನಂತರ ಈ ಸೀಮೆಯ ಆಳ ಇನ್ನೂ ಬಯಲಾಯಿತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ಇಸಾಂಪುರದಲ್ಲಿ ಆದಿಮಾನವ ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ ಸುಮಾರು 12 ಲಕ್ಷ ವರ್ಷ ಹಳೆಯದೆಂದು ತಿಳಿಯಿತು. ಬೂದಿಹಾಳದಲ್ಲಿ ಹೊಸಶಿಲಾಯುಗದ ದನಗಾಹಿಗಳ ಬೂದಿದಿಬ್ಬ ಅಗೆದರು. ಬಡ ಜಿಲ್ಲೆ, ಹಿಂದುಳಿದ ಜಿಲ್ಲೆ ಎಂದು ಕೇಳಿ ಕೇಳಿ ಬೇಸತ್ತ ಯಾದಗಿರಿಯ ಮಕ್ಕಳಿಗೆ ಈ ಸಂಗತಿಯನ್ನು ಯಾರಾದರೂ ಹೇಳಬೇಕು.

ಅರಮನೆಯ ಹುಡುಗ

ಈಗ ಹುಡುಗನ ಮಾತಿಗೆ ಬರೋಣ. ಟೇಲರ್‌ಗೆ ಆಲಿಸ್ ಮತ್ತು ಏಮಿ ಎಂಬ ಇಬ್ಬರು ಹೆಣ್ಣುಮಕ್ಕಳಿದ್ದರು, ಆದರೆ ಅವರಿದ್ದದ್ದು ದೂರದ ವಿಲಾಯತಿಯಲ್ಲಿ. 1840ರ ಸುಮಾರಿಗೆ ವಿಲಾಯತಿಯ ರಜೆ ಮುಗಿಸಿ ಬಂದವನು ಮತ್ತೆ 1860ರ ತನಕ ಅತ್ತ ಹೋಗಲಿಲ್ಲ. ಆ ವರ್ಷಗಳಲ್ಲಿ ಅವನ ಕಣ್ಣೆದುರು ಬೆಳೆದದ್ದು ವೆಂಕಟಪ್ಪ ನಾಯಕ. ಅವನ ಪಾಠ, ಸವಾರಿ, ಯಾರ ಜೊತೆ ಓಡಾಡಬೇಕು, ಯಾರನ್ನು ದೂರ ಇಡಬೇಕು ಎಂಬುದೆಲ್ಲ ಟೇಲರ್‌ನ ಚಿಂತೆಯಾಗಿತ್ತು. ಹುಡುಗ ಬುದ್ಧಿವಂತ, ಕುದುರೆಯ ಮೇಲೆ ಚುರುಕು. ಅರಮನೆಯ ಮೋಜಿನ ಸೆಳೆತವೂ ಅಷ್ಟೇ ಇತ್ತು.

ಒಮ್ಮೆ ರಾಣಿ ಈಶ್ವರಮ್ಮನವರು ಕಾಯಿಲೆ ಬಿದ್ದಾಗ ಟೇಲರ್‌ನನ್ನು ಕರೆಸಿ ಗುಟ್ಟೊಂದನ್ನು ಹೇಳಿದರಂತೆ. ಮಗನ ಜಾತಕದಲ್ಲಿ ಇಪ್ಪತ್ನಾಲ್ಕನೇ ವರ್ಷಕ್ಕೆ ಕಂಟಕವಿದೆ, ಅದರಾಚೆ ಅವನು ಬದುಕುವುದಿಲ್ಲ ಎಂದು. ಟೇಲರ್ ಅದನ್ನು ನಂಬಲಿಲ್ಲ, ಧೈರ್ಯ ಹೇಳಿ ಬಂದ. ಎಷ್ಟೇ ಜಗಳವಾಡಿದರೂ ತನ್ನ ಮಗನ ಪ್ರಾಣದ ಭಯವನ್ನು ಆ ತಾಯಿ ಹೇಳಿಕೊಂಡದ್ದು ಈ ಪರದೇಶಿಯ ಮುಂದೆ. ಈ ಒಂದು ಪ್ರಸಂಗದಲ್ಲಿ ಅವರಿಬ್ಬರೂ ಅಧಿಕಾರಿ ಮತ್ತು ರಾಣಿಯಾಗಿ ಅಲ್ಲ, ಒಂದೇ ಹುಡುಗನ ಹಿರಿಯರಾಗಿ ಕಾಣಿಸುತ್ತಾರೆ.

1853ರಲ್ಲಿ ವೆಂಕಟಪ್ಪ ನಾಯಕರಿಗೆ ಸಂಸ್ಥಾನ ಒಪ್ಪಿಸಿ ಟೇಲರ್ ಸುರಪುರ ಬಿಟ್ಟ. ಅದೇ ವರ್ಷದ ಒಪ್ಪಂದದಲ್ಲಿ ನಿಜಾಮ ತನ್ನ ದಂಡಿನ ಖರ್ಚಿಗೆಂದು ಬ್ರಿಟಿಷರಿಗೆ ವರ್ಹಾಡ, ರಾಯಚೂರು ದೋಆಬ್ ಮತ್ತು ನಳದುರ್ಗದ ಸೀಮೆಗಳನ್ನು ಬಿಟ್ಟುಕೊಟ್ಟಿದ್ದ. ಟೇಲರ್ ನಳದುರ್ಗಕ್ಕೆ ಹೋದ. ಅಲ್ಲಿಯೂ ಅಳತೆ, ದಾರಿ, ಕಂದಾಯದ ಕೆಲಸ ಮಾಡಿ ಜನರ ಮನಸ್ಸು ಗೆದ್ದ. ಆ ಕಡೆಯವರು ಅವನನ್ನು ಮಹಾದೇವ ಬಾಬಾ ಎಂದು ಕರೆದು ಜೈಕಾರ ಹಾಕುತ್ತಿದ್ದರು. 1857ರಲ್ಲಿ ಉತ್ತರದಲ್ಲಿ ಕಿಚ್ಚು ಹೊತ್ತಿದಾಗ ಅವನನ್ನು ತಡಮಾಡದೆ ವರ್ಹಾಡದ ಬುಲಢಾಣೆಗೆ ಅಟ್ಟಿದರು. ಬೆನ್ನ ಹಿಂದೆ ದಂಡಿರಲಿಲ್ಲ. ಜನರ ವಿಶ್ವಾಸವೊಂದನ್ನೇ ನೆಚ್ಚಿ ಆ ಜಿಲ್ಲೆಯನ್ನು ಶಾಂತವಾಗಿಟ್ಟ.

ಸುರಪುರ ಶಾಂತವಾಗಿರಲಿಲ್ಲ. ನಾನಾಸಾಹೇಬನ ಕಡೆಯವರು ಬಂದು ಹೋಗುತ್ತಿದ್ದರು. ಹಲಗಲಿಯ ಬೇಡರು 1857ರ ನವೆಂಬರಿನಲ್ಲೇ ಆಯುಧ ಒಪ್ಪಿಸಲಾರೆವೆಂದು ಎದ್ದಿದ್ದರು. ಮುಂಡರಗಿಯ ಭೀಮರಾಯರು, ನರಗುಂದದ ಬಾಬಾಸಾಹೇಬರು ಒಳಗೊಳಗೇ ಸಿದ್ಧರಾಗುತ್ತಿದ್ದರು. ರಾಜಾ ವೆಂಕಟಪ್ಪ ನಾಯಕರು ದಂಡು ಕೂಡಿಸಿದರು. ರೆಸಿಡೆಂಟ್ ಕಳಿಸಿದ ಕ್ಯಾಪ್ಟನ್ ಕ್ಯಾಂಬೆಲ್‌ನ ಬುದ್ಧಿಮಾತು ಕೇಳಲಿಲ್ಲ. 1858ರ ಫೆಬ್ರುವರಿ 7ರ ರಾತ್ರಿ, ಸುರಪುರದ ಹತ್ತಿರ ಬಂದಿಳಿದಿದ್ದ ಕ್ಯಾಪ್ಟನ್ ವಿಂಡಮ್‌ನ ಪಡೆಯ ಮೇಲೆ ಬೇಡರು, ಅರಬರು, ರೋಹಿಲರು ಒಟ್ಟಾಗಿ ಬಿದ್ದರು. ಮರುದಿನದ ಕಾದಾಟದಲ್ಲಿ ಮದರಾಸಿನ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆದರೆ ಕರ್ನಲ್ ಮಾಲ್ಕಮ್‌ನ ದೊಡ್ಡ ದಂಡು ಬರುತ್ತಿದೆಯೆಂದು ತಿಳಿದಾಗ ರಾಜರು ಕೆಲವೇ ಸವಾರರೊಂದಿಗೆ ರಾತ್ರಿ ಸುರಪುರ ಬಿಟ್ಟು ಹೈದರಾಬಾದಿನ ದಾರಿ ಹಿಡಿದರು. ಅಲ್ಲಿ ನಿಜಾಮನ ದಿವಾನ ಸಾಲಾರಜಂಗನ ಜನ ಅವರನ್ನು ಹಿಡಿದು ಬ್ರಿಟಿಷರ ಕೈಗೆ ಕೊಟ್ಟರು.

ಟೇಲರ್ ಸೆರೆಮನೆಗೆ ಹೋದ. ಹುಡುಗ ಓಡಿಬಂದು ತಬ್ಬಿಕೊಂಡು ಅತ್ತನೆಂದು ಬರೆದಿದ್ದಾನೆ. ನಿಜವಿರಬಹುದು. ಆದರೆ ಟೇಲರ್ ಅಲ್ಲಿಗೆ ಬರೀ ‘ಅಪ್ಪ’ನಾಗಿ ಹೋಗಿರಲಿಲ್ಲ. ದಂಗೆಯಲ್ಲಿ ಕೂಡಿದ್ದವರು ಯಾರು ಯಾರೆಂದು ರಾಜರ ಬಾಯಿಂದ ತಿಳಿದುಕೊಂಡು ಬರಲಿ ಎಂಬ ಆಸೆ ರೆಸಿಡೆಂಟ್ ಡೇವಿಡ್‌ಸನ್‌ಗೆ ಇತ್ತು. ಹೆಸರು ಹೇಳಿದರೆ ಶಿಕ್ಷೆ ಕಡಿಮೆಯಾದೀತು. ಅಪ್ಪನೆಂದು ಕರೆದವನ ಮುಂದೆಯೂ ರಾಜರು ಒಂದು ಹೆಸರನ್ನೂ ಹೇಳಲಿಲ್ಲ. ತನ್ನನ್ನು ಕಳ್ಳರಂತೆ ನೇಣು ಹಾಕಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದು ಕೇಳಿಕೊಂಡರು. ಇಪ್ಪತ್ತಮೂರು, ಇಪ್ಪತ್ನಾಲ್ಕರ ಪ್ರಾಯ. ಇದನ್ನು ಬರೆದಿಟ್ಟವನು ಶತ್ರುಪಕ್ಷದ ಅಧಿಕಾರಿ. ಅವನಿಗೆ ರಾಜರನ್ನು ಹೊಗಳಿ ಆಗಬೇಕಾದ್ದು ಏನೂ ಇರಲಿಲ್ಲ. ಆದ್ದರಿಂದಲೇ ಈ ಸಾಕ್ಷ್ಯ ನನಗೆ ಬಹಳ ದೊಡ್ಡದು. ಸುರಪುರದ ದೊರೆಯ ದಿಟ್ಟತನಕ್ಕೆ ಇದಕ್ಕಿಂತ ಗಟ್ಟಿಯಾದ ದಾಖಲೆ ಬೇಕಿಲ್ಲ.

ಸೈನಿಕ ವಿಚಾರಣೆಯಲ್ಲಿ ಮರಣದಂಡನೆ ಆಯಿತು. ರೆಸಿಡೆಂಟ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಕ್ಯಾನಿಂಗ್ ಮತ್ತೂ ಇಳಿಸಿ, ಮದರಾಸಿನ ಕಡೆಯ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ ಎಂದ. ನಡತೆ ಸರಿಯಿದ್ದರೆ ಸಂಸ್ಥಾನ ಮರಳಿ ಸಿಗುವ ಮಾತೂ ಇತ್ತು. ಆದರೆ ಸಿಕಂದರಾಬಾದಿನಿಂದ ಹೊರಟ ಮೊದಲ ಮಜಲಿನಲ್ಲೇ, ಕಾವಲಿನ ಅಧಿಕಾರಿ ಡೇರೆಯಲ್ಲಿ ಬಿಚ್ಚಿಟ್ಟು ಹೋಗಿದ್ದ ರಿವಾಲ್ವರಿನ ಗುಂಡು ತಗುಲಿ ವೆಂಕಟಪ್ಪ ನಾಯಕರು ಸತ್ತರು. ತಾವೇ ಹೊಡೆದುಕೊಂಡರೋ, ಕೈತಪ್ಪಿ ಹಾರಿತೋ ಎಂದು ಟೇಲರ್ ಬರೆಯುತ್ತಾನೆ. ತಾಯಿಗೆ ಹೇಳಿದ್ದ ಜಾತಕದ ಮಾತು ನಿಜವಾಯಿತಲ್ಲ ಎಂದು ನಡುಗುತ್ತಾನೆ.

ಸುರಪುರದ ಜನರ ಮನಸ್ಸಿನಲ್ಲಿ ಇನ್ನೊಂದು ಅನುಮಾನವೂ ಇದೆ, ಬಿಳಿಯರೇ ಕೊಂದರೆಂದು. ಅದನ್ನು ಹಗುರವಾಗಿ ತಳ್ಳಿಹಾಕುವುದು ತರವಲ್ಲ. ಡೇರೆಯಲ್ಲಿ ನಡೆದದ್ದನ್ನು ಹೇಳಿದವರು ಕಾವಲಿನವರು, ಅದನ್ನು ಬರೆದವನು ಅವರದೇ ಸರ್ಕಾರದ ಅಧಿಕಾರಿ. ಶಿಕ್ಷೆ ಇಳಿದು, ಗಾದಿ ಮರಳುವ ಆಸೆ ಮೂಡಿದ ಹೊತ್ತಿನಲ್ಲಿ ಒಬ್ಬ ಯುವಕ ಪ್ರಾಣ ಕಳೆದುಕೊಳ್ಳುತ್ತಾನೆಯೇ ಎಂದು ಜನ ಕೇಳುವುದು ಸಹಜ. ಬೇಡರ ದೊರೆಗೆ ಸೆರೆವಾಸವೇ ಸಾವಿಗಿಂತ ಹೀನವಾಗಿ ಕಂಡಿರಬಹುದು ಎಂಬುದೂ ಅಷ್ಟೇ ಸಹಜ.

ಆ ಮೇಲೆ ಟೇಲರ್‌ನನ್ನು ಮತ್ತೆ ಸುರಪುರಕ್ಕೇ ಕಳಿಸಿದರು, ದೊರೆಯಿಲ್ಲದ ಊರಿಗೆ. 1860ರಲ್ಲಿ ಬ್ರಿಟಿಷರು, ದಂಗೆಯ ಕಾಲದಲ್ಲಿ ತಮ್ಮ ಪರ ನಿಂತದ್ದಕ್ಕೆ ಇನಾಮಾಗಿ, ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು. ಇಡೀ ಒಂದು ರಾಜ್ಯ ಹೀಗೆ ಕೈಬದಲಾಯಿತು, ಅಲ್ಲಿನ ಜನರನ್ನು ಒಂದು ಮಾತೂ ಕೇಳಲಿಲ್ಲ. ಟೇಲರ್ ಆರೋಗ್ಯ ಕೆಟ್ಟು ಅದೇ ವರ್ಷ ಹೊರಟುಹೋದ. ಅವನು ಮೂವತ್ತಕ್ಕೂ ಹೆಚ್ಚು ವರ್ಷ ದುಡಿದದ್ದು ಇಂಥ ಸರ್ಕಾರಕ್ಕೆ.

ಡಬ್ಲಿನ್ನಿನ ಹತ್ತಿರ ಮನೆ ಮಾಡಿಕೊಂಡು ಅವನು ಬರೆಯತೊಡಗಿದ. ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’ ಎಂಬ ಮೂರು ಕಾದಂಬರಿಗಳು, ನೂರು ನೂರು ವರ್ಷದ ಅಂತರದ ಮೂರು ಕಾಲಗಳ ಮೇಲೆ, 1657, 1757, 1857. ಬಿಜಾಪುರದ ಕಟ್ಟಡಗಳ ಚಿತ್ರಗ್ರಂಥಕ್ಕೂ, ಧಾರವಾಡ ಮತ್ತು ಮೈಸೂರಿನ ಗುಡಿಗಳ ಗ್ರಂಥಕ್ಕೂ 1866ರಲ್ಲಿ ಬರಹ ಒದಗಿಸಿದ. ಚಾಂದಬೀಬಿಯ ಮೇಲಿನ ಕೊನೆಯ ಕಾದಂಬರಿಯಲ್ಲಿ ಕೃಷ್ಣೆಯ ದಂಡೆಯೂ, ಜಲದುರ್ಗವೂ, ಬೇಡ ನಾಯಕರೂ ಬರುತ್ತಾರೆ. 1872ರ ‘ಸೀತಾ’ ಒಬ್ಬ ಇಂಗ್ಲಿಷ್ ಅಧಿಕಾರಿ ಹಿಂದೂ ವಿಧವೆಯನ್ನು ಮದುವೆಯಾಗುವ ಕಥೆ. ದಂಗೆಯ ಕಾಲದಲ್ಲಿ ಅವಳು ಗಂಡನನ್ನು ಉಳಿಸಲು ಹೋಗಿ ಪ್ರಾಣ ಬಿಡುತ್ತಾಳೆ. ಆ ಕಾದಂಬರಿ ಓದುವಾಗ ನನಗೆ ಮೇರಿ ಪಾಮರ್ ನೆನಪಾಗುತ್ತಾಳೆ. ಆತ್ಮಕಥೆಯಲ್ಲಿ ಬರೆಯಲಾಗದ್ದನ್ನು ಕಾದಂಬರಿಯಲ್ಲಿ ಬರೆದನೆಂದೇ ನನ್ನ ಎಣಿಕೆ.

1875ರಲ್ಲಿ ಸಾಲಾರಜಂಗನ ಕರೆಯ ಮೇಲೆ ಕೊನೆಯ ಸಲ ಹೈದರಾಬಾದಿಗೆ ಬಂದ. ಕಣ್ಣು ಮಂಜಾಗಿತ್ತು, ಜ್ವರ ಬಿಡಲಿಲ್ಲ. ಊರಿಗೆ ಮರಳುವ ದಾರಿಯಲ್ಲಿ ಫ್ರಾನ್ಸಿನ ಮಂತೋನ್‌ನಲ್ಲಿ 1876ರ ಮೇ 13ರಂದು ತೀರಿಕೊಂಡ. ಅವನ ಆತ್ಮಕಥೆಯನ್ನು ಮರುವರ್ಷ ಹೊರತಂದವಳು ಮಗಳು ಆಲಿಸ್. ತಂದೆ ಊರೂರು ಸುತ್ತಿದ ವರ್ಷಗಳ ಬದುಕನ್ನು ಅವಳು ಹಾಳೆ ಹಾಳೆಯಾಗಿ ತಿದ್ದಿ ಜೋಡಿಸಿದಳು.

ಟೇಲರ್ ಒಳ್ಳೆಯವನೋ ಕೆಟ್ಟವನೋ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು. ಮನುಷ್ಯನಾಗಿ ಅವನು ಆ ಕಾಲದ ಬಹಳ ಇಂಗ್ಲಿಷರಿಗಿಂತ ಮೇಲು. ವೆಂಕಟಪ್ಪ ನಾಯಕರ ಮೇಲಿನ ಅವನ ಪ್ರೀತಿ ಸುಳ್ಳಲ್ಲ. ಆದರೆ ಆ ಪ್ರೀತಿಗೆ ಹುಡುಗನನ್ನು ಉಳಿಸುವ ಶಕ್ತಿ ಇರಲಿಲ್ಲ, ಯಾಕೆಂದರೆ ಅವನು ಅನ್ನ ತಿನ್ನುತ್ತಿದ್ದ ಆಳ್ವಿಕೆ ಸುರಪುರದ ಸ್ವಾತಂತ್ರ್ಯವನ್ನು ಒಪ್ಪುವಂಥದ್ದಾಗಿರಲಿಲ್ಲ. ಅವನ ಒಳ್ಳೆಯತನವನ್ನು ತೋರಿಸಿ ಆ ಆಳ್ವಿಕೆಯನ್ನು ಒಳ್ಳೆಯದೆನ್ನಲಾಗದು. ಆ ಆಳ್ವಿಕೆಯ ಪಾಪವನ್ನು ತೋರಿಸಿ ಬೋನಾಳದ ಏರಿಯನ್ನೂ ವಿಭೂತಿಹಳ್ಳಿಯ ನಕ್ಷೆಯನ್ನೂ ಅಲ್ಲಗಳೆಯಲಾಗದು.

ಯಾದಗಿರಿ, ಶಹಾಪುರ, ಸುರಪುರ, ಹುಣಸಗಿಯ ಶಾಲೆಗಳ ಗುರುಗಳಲ್ಲಿ ಒಂದು ವಿನಂತಿ. ಮಕ್ಕಳನ್ನು ಪ್ರವಾಸಕ್ಕೆಂದು ಬಹಳ ದೂರ ಒಯ್ಯುವ ಮೊದಲು ಒಮ್ಮೆ ರಾಜನಕೋಳೂರಿಗೆ, ವಿಭೂತಿಹಳ್ಳಿಗೆ, ಬೋನಾಳಕ್ಕೆ, ಸುರಪುರದ ಅರಮನೆಗೆ ಮತ್ತು ಗುಡ್ಡದ ಮೇಲಿನ ಟೇಲರ್ ಮಂಜಿಲಿಗೆ ಕರೆದೊಯ್ಯಿರಿ. ವೆಂಕಟಪ್ಪ ನಾಯಕರ ಬಗ್ಗೆ ಹಿರಿಯರು ಹೇಳುವುದನ್ನು ಮಕ್ಕಳ ಕೈಯಲ್ಲೇ ಬರೆಸಿಡಿ. ಟೇಲರ್ ತಾನು ಕಂಡದ್ದನ್ನು ಬರೆದಿಟ್ಟ, ಈಶ್ವರಮ್ಮನವರ ಕಡೆಯ ಮಾತು ಇನ್ನೂ ಕಾಗದಕ್ಕೆ ಇಳಿದಿಲ್ಲ. ಅದು ಎಲ್ಲಿಯಾದರೂ ಉಳಿದಿದ್ದರೆ ಈ ಊರುಗಳ ಮನೆಗಳಲ್ಲೇ ಉಳಿದಿದೆ, ಅದನ್ನು ಈಗಲೇ ಬರೆದುಕೊಳ್ಳಬೇಕು.